ದುಭಾಷಿಯ ಹೆಸರು

ದುಭಾಷಿ ಎನ್ನುವ ಪದಕ್ಕೆ ನಮ್ಮಲ್ಲಿ ಅಷ್ಟೇನೂ ಮರ್ಯಾದೆ ಇಲ್ಲ. ದ್ವಿಭಾಷಿ ಎಂಬ ದೊಡ್ಡ ಪದವೇ ಜನರ ಬಾಯಲ್ಲಿ ಸವೆದು ದುಭಾಷಿ ಆಗಿದೆ. ಎರಡು ಭಾಷೆ ಬಲ್ಲವರು ಎಂಬುದಷ್ಟೇ ಅದರ ಅರ್ಥ. ಆದರೆ 'ಎರಡು ನಾಲಿಗೆಯವನು' ಎಂದು ಯಾರನ್ನಾದರೂ ಕರೆದು ನೋಡಿ, ಜಗಳಕ್ಕೇ ಬರುತ್ತಾನೆ. ಎರಡು ಕಡೆಯ ಮಾತೂ ತಿಳಿದವನ ಮೇಲೆ ಎರಡು ಕಡೆಯವರಿಗೂ ಒಳಗೊಳಗೇ ಗುಮಾನಿ. ಕೆಲಸ ಮುಗಿಯುವ ತನಕ ಅವನು ಬೇಕು. ಮುಗಿದ ಮೇಲೆ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ನನ್ನ ತಂಗಿಯ ಮಗಳು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಾಳೆ. ಅವಳು ಆರಿಸಿಕೊಂಡ ವಿಷಯ ಈ ದುಭಾಷಿಗಳೇ. ಕೊಡಗಿನ ಆಸ್ಪತ್ರೆ, ಕಚೇರಿ, ಕಾಫಿ ತೋಟಗಳಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರು ಯಾರು, ಹೇಗೆ ಮುಟ್ಟಿಸುತ್ತಾರೆ, ದಾರಿಯಲ್ಲಿ ಎಷ್ಟು ಚೆಲ್ಲಿಹೋಗುತ್ತದೆ ಎಂಬುದು ಅವಳ ಪ್ರಶ್ನೆ. ಸುದ್ದಿ ಕೇಳಿ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಅವ್ವನಂತೂ ಬಾಯಿ ಬಿಟ್ಟೇ ಕೇಳಿದರು: "ಅದನ್ನು ನಾವೆಲ್ಲ ದಿನಾ ಮಾಡ್ತೇವಲ್ಲ ಮಗಾ! ಅದಕ್ಕೂ ಡಾಕ್ಟರು ಪದವಿ ಕೊಡ್ತಾರಾ?"

ಅವ್ವನ ಪ್ರಶ್ನೆ ಸುಲಭದ್ದಲ್ಲ. ದಿನಾ ಮಾಡುವ ಕೆಲಸವನ್ನು ಯಾರೂ ಕೂತು ಯೋಚಿಸುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು, ಬಿ.ಎ., ಬಿ.ಎಡ್. ಆಚೆಗೆ ಓದಿದವಳಲ್ಲ. ಸಂಶೋಧನೆಯ ವಿಧಾನ ನನಗೆ ತಿಳಿಯದು. ಆದರೆ ಇತಿಹಾಸದ ಪಾಠ ಮಾಡಿ ಮಾಡಿ ಒಂದು ಅಭ್ಯಾಸವಾಗಿದೆ. ಯಾವುದೇ ಒಪ್ಪಂದ, ಯಾವುದೇ ಯುದ್ಧದ ವಿಷಯ ಬಂದರೂ, ಇವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡಿಕೊಂಡರು ಎಂದು ಮನಸ್ಸು ಕೇಳುತ್ತದೆ. ಹಾಗೆ ಕೇಳುತ್ತ ಹೋದರೆ ನಮ್ಮ ಕೊಡಗಿನ ಕಥೆ ಉದ್ದಕ್ಕೂ ದುಭಾಷಿಗಳ ಕಥೆಯೇ ಆಗಿ ಕಾಣುತ್ತದೆ.

ಕೊಡಗು ಸಣ್ಣ ಜಿಲ್ಲೆ. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 5,54,519. ಇಷ್ಟು ಜನರ ನಡುವೆ ಎಷ್ಟು ಮಾತು! ಕೊಡವ ತಕ್ಕ್, ನಮ್ಮ ಮನೆಮಾತಾದ ಅರೆಭಾಷೆ, ಕನ್ನಡ, ತುಳು, ಮಲಯಾಳ, ಬ್ಯಾರಿ, ತಮಿಳು, ಯರವರ ಮಾತು, ಜೇನು ಕುರುಬರದು, ಬೆಟ್ಟ ಕುರುಬರದು. ಈಚಿನ ವರ್ಷಗಳಲ್ಲಿ ಕಾಫಿ ಕೊಯ್ಲಿಗೆ ಅಸ್ಸಾಮಿನ ಕಡೆಯಿಂದ ಬಂದವರ ಮಾತೂ ಸೇರಿಕೊಂಡಿದೆ. ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದರೆ ಬೈಲಕುಪ್ಪೆ. ಅಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿನವರು. ಸಂತೆಯ ದಿನ ತರಕಾರಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಅಲ್ಲಿ ಚೌಕಾಸಿ ನಡೆಯುವುದು ಅರ್ಧ ಮಾತಿನಲ್ಲಿ, ಅರ್ಧ ಬೆರಳಿನಲ್ಲಿ.

ಹದಿನೇಳನೆಯ ಶತಮಾನದಿಂದ 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ಅವರ ಆಸ್ಥಾನದ ಭಾಷೆ ಕನ್ನಡ. ಕೊಡವರ ಮನೆಮಾತು ಬೇರೆ. ಅಂದರೆ ಇಂಗ್ಲಿಷಿನವರು ಬರುವ ಮೊದಲೇ ಅರಮನೆಗೂ ಗದ್ದೆಗೂ ನಡುವೆ ಎರಡು ಭಾಷೆಯ ಒಂದು ಹೊಸ್ತಿಲಿತ್ತು. ಟಿಪ್ಪುವಿನ ಎದುರು ನಿಂತ ದೊಡ್ಡವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿಯ ಕಡೆಯಿಂದ ಇದ್ದವನು ತಲಚೇರಿಯ ಮುಖ್ಯಸ್ಥ ರಾಬರ್ಟ್ ಟೇಲರ್. ರಾಜನದು ಕನ್ನಡ, ತಲಚೇರಿ ಪೇಟೆಯದು ಮಲಯಾಳ, ಟೇಲರನದು ಇಂಗ್ಲಿಷ್. ಪಾಠ ಪುಸ್ತಕದಲ್ಲಿ ಒಪ್ಪಂದ ಎಂದು ಒಂದೇ ಪದದಲ್ಲಿ ಬರೆದುಬಿಡುತ್ತೇವೆ. ಆ ಪದದ ಹಿಂದೆ ಎರಡು ಕಡೆಗೂ ತಿರುಗಿ ತಿರುಗಿ ಮಾತಾಡಿದ ಒಂದಿಷ್ಟು ಗಂಟಲುಗಳು ಇದ್ದೇ ಇರಬೇಕು.

ಇದೇ ರಾಜ ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆಯಿಸಿದ. ಅದನ್ನು ಲೆಫ್ಟಿನೆಂಟ್ ರಾಬರ್ಟ್ ಅಬರ್‌ಕ್ರಾಂಬಿ ಇಂಗ್ಲಿಷಿಗೆ ತಂದ. 1808ರಲ್ಲಿ ಮಂಗಳೂರಿನಲ್ಲಿ ಅದು ಪ್ರಕಟವಾಯಿತು. ರಾಜನ ಹೆಸರು ಉಳಿಯಿತು, ಅನುವಾದ ಮಾಡಿದ ಸೈನಿಕನ ಹೆಸರೂ ಉಳಿಯಿತು. ಬರೆದು ಅನುವಾದಿಸಿದವರಿಗೆ ಪುಸ್ತಕದ ಮೊದಲ ಪುಟದಲ್ಲಿ ಜಾಗವುಂಟು. ಬಾಯಲ್ಲಿ ಅನುವಾದಿಸಿದವರ ಮಾತು ಅಲ್ಲಿಯೇ ಗಾಳಿಗೆ ಹೋಗುತ್ತದೆ. ಅನುವಾದಕನಿಗೂ ದುಭಾಷಿಗೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಚಿಕ್ಕವೀರರಾಜೇಂದ್ರನ ಕಾಲಕ್ಕೆ ಬರೋಣ. ಮಾಸ್ತಿಯವರ ಕಾದಂಬರಿಯಿಂದಾಗಿ ಈ ಕಥೆ ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ರಾಜನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚೆನ್ನಬಸವ 1832ರಲ್ಲಿ ಕೊಡಗಿನಿಂದ ತಪ್ಪಿಸಿಕೊಂಡು ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ಒಪ್ಪಿಸಿ ಎಂದು ರಾಜನ ಹಟ. ಮಾತುಕತೆಗೆಂದು ಮಲಬಾರಿನ ಕಲೆಕ್ಟರ್ ಕ್ಲೆಮೆಂಟ್ಸನ್ 1833ರಲ್ಲಿ ಇಬ್ಬರನ್ನು ಮಡಿಕೇರಿಗೆ ಕಳಿಸಿದ. ಒಬ್ಬ ರಾಜನಿಗೆ ಪರಿಚಯವಿದ್ದ ತಲಚೇರಿಯ ಪಾರ್ಸಿ ವರ್ತಕ. ಇನ್ನೊಬ್ಬ ಕಂಪನಿಯ ನೌಕರ ಕರುಣಾಕರ ಮೇನೋನ್. ರಾಜ ಪಾರ್ಸಿಯನ್ನು ಬಿಟ್ಟುಕಳಿಸಿದ; ತಂಗಿ ಮತ್ತು ಭಾವ ಬರುವ ತನಕ ನೀನು ಇಲ್ಲೇ ಇರು ಎಂದು ಮೇನೋನನನ್ನು ಹಿಡಿದಿಟ್ಟ. ಮಾತು ಹೊತ್ತು ಬಂದವನೇ ಒತ್ತೆಯಾಳಾದ. ಕಂಪನಿ ಅವನನ್ನು ಬಿಡುವಂತೆ ಕೇಳಿತು, ರಾಜ ಬಿಡಲಿಲ್ಲ. 1834ರಲ್ಲಿ ಯುದ್ಧ ಸಾರುವಾಗ ಕಂಪನಿ ಕೊಟ್ಟ ಕಾರಣಗಳಲ್ಲಿ ಕರುಣಾಕರ ಮೇನೋನನ ಸೆರೆಯೂ ಒಂದು.

ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಕಂಪನಿಯ ಆಸೆಯೂ ಇತ್ತು. ಅದನ್ನೆಲ್ಲ ಇಲ್ಲಿ ಬಿಡಿಸುವುದು ಬೇಡ. ನನಗೆ ಕಾಣುವುದು ಆ ಮೇನೋನನ ಪಾಡು. ಇಬ್ಬರು ಬಲಶಾಲಿಗಳ ನಡುವೆ ಮಾತು ಕೆಟ್ಟಾಗ ಮೊದಲು ಪೆಟ್ಟು ಬೀಳುವುದು ನಡುವೆ ನಿಂತವನ ಮೇಲೆ.

ಏಪ್ರಿಲ್ ತಿಂಗಳಲ್ಲಿ ಮಡಿಕೇರಿ ಕಂಪನಿಯ ಕೈಸೇರಿತು. 1834ರ ಮೇ 7ರಂದು ಕರ್ನಲ್ ಫ್ರೇಸರ್ ಘೋಷಣೆ ಹೊರಡಿಸಿದ. ಕೊಡಗಿನ ನಿವಾಸಿಗಳೆಲ್ಲರ ಏಕಮತದ ಇಚ್ಛೆ ಇದು, ಆದ್ದರಿಂದ ಈ ನಾಡು ಕಂಪನಿಯ ಆಡಳಿತಕ್ಕೆ ಸೇರುತ್ತದೆ ಎಂದು ಅದರ ಸಾರಾಂಶ. ತರಗತಿಯಲ್ಲಿ ಈ ಭಾಗ ಬಂದಾಗ ಮಕ್ಕಳನ್ನು ನಾನು ಒಂದು ಪ್ರಶ್ನೆ ಕೇಳುತ್ತೇನೆ: "ಏಕಮತ ಅಂತ ಬರೆದಿದ್ದಾರೆ. ಆ ಮತವನ್ನು ನಮ್ಮವರು ಯಾವ ಭಾಷೆಯಲ್ಲಿ ಹೇಳಿರಬಹುದು?" ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ, "ಇಂಗ್ಲಿಷಲ್ಲಂತೂ ಅಲ್ಲ ಮಿಸ್" ಎಂದಳು. ಎಲ್ಲರೂ ನಕ್ಕರು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಗದ್ದೆಯ ಮಾತು ಕನ್ನಡವಾಗಿ, ಕನ್ನಡ ಇಂಗ್ಲಿಷಾಗಿ, ಇಂಗ್ಲಿಷು ಘೋಷಣೆಯ ಒಂದು ಸಾಲಾಗುವ ಹೊತ್ತಿಗೆ ಏನೇನು ಸೇರಿತೋ, ಏನೇನು ಬಿಟ್ಟುಹೋಯಿತೋ! ಒಂದು ನಾಡಿನ ಹಣೆಬರಹ ಆ ಸಾಲಿನ ಮೇಲೆ ನಿಂತಿತು.

ಆಮೇಲೆ ಬಂದವರು ಪಾದ್ರಿಗಳು ಮತ್ತು ವಿದ್ವಾಂಸರು. 'ಮಂಗಳೂರ ಸಮಾಚಾರ' ಪತ್ರಿಕೆ ನಡೆಸಿದ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು ನೆಲೆಸಿ 1855ರಲ್ಲಿ ಕೊಡಗಿನ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. 1867ರಲ್ಲಿ ಅಧಿಕಾರಿ ಕೋಲ್ ಕೊಡವ ಭಾಷೆಗೆ ಒಂದು ಚಿಕ್ಕ ವ್ಯಾಕರಣ ಬರೆದ. 1870ರಲ್ಲಿ ರಿಕ್ಟರ್ ಅವರ ಕೊಡಗಿನ ಕೈಪಿಡಿ ಬಂತು. ಕೆಲವು ವರ್ಷ ಮಡಿಕೇರಿಯಲ್ಲೂ ಇದ್ದ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ 1858ರಲ್ಲಿ, ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮ ಭಾಷೆಗೆ ಅವರು ಮಾಡಿದ ಉಪಕಾರ ದೊಡ್ಡದು. ಪದವಿ ಸಲ್ಲಬೇಕಾದವರಿಗೇ ಸಂದಿತು. ಆದರೂ ಇಂಥ ಪುಸ್ತಕಗಳನ್ನು ಕೈಗೆತ್ತಿಕೊಂಡಾಗ, ಜಗಲಿಯ ಮೇಲೆ ಎದುರು ಕೂತು "ಇದಕ್ಕೆ ನಮ್ಮಲ್ಲಿ ಹೀಗನ್ನುತ್ತಾರೆ ಅಯ್ಯಾ" ಎಂದು ಹೇಳಿಕೊಟ್ಟವರು ಕಣ್ಣ ಮುಂದೆ ಬರುತ್ತಾರೆ.

ಇಂಥವರಲ್ಲಿ ಹೆಸರು ಉಳಿದ ಒಬ್ಬರ ವಿಷಯ ಹೇಳಬೇಕು. ಎಂ.ಬಿ. ಎಮನೋ ಎಂಬ ಭಾಷಾವಿಜ್ಞಾನಿ 1935ರಿಂದ 1938ರವರೆಗೆ ನಮ್ಮ ದಕ್ಷಿಣ ಭಾರತದಲ್ಲಿ ತಿರುಗಾಡಿ ತೋಡ, ಕೋತ, ಬಡಗ, ಕೊಡವ ಮೊದಲಾದ ಭಾಷೆಗಳನ್ನು ಅಭ್ಯಾಸ ಮಾಡಿದರು. ಮುಂದೆ ಬರೋ ಅವರೊಂದಿಗೆ ಸೇರಿ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ ತಂದವರು ಇವರೇ. ನೀಲಗಿರಿಯ ಕೋತರ ನಡುವೆ ಅವರಿಗೆ ದುಭಾಷಿಯಾಗಿದ್ದವನು ಸುಳ್ಳಿ ಎಂಬ ಕೋತ. ನಮ್ಮ ಹಾಗೆ ಮೇಷ್ಟ್ರು ಅವನು! ಇಂಗ್ಲಿಷ್ ಕಲಿತಿದ್ದ. ಎಮನೋ 1944ರಿಂದ 46ರವರೆಗೆ ಪ್ರಕಟಿಸಿದ ಕೋತ ಕಥೆಗಳಲ್ಲಿ ಹೆಚ್ಚಿನವು ಅವನ ಬಾಯಿಂದ ಬಂದವು. ಅದೇ ಸುಳ್ಳಿಯ ಬಗ್ಗೆ ಮ್ಯಾಂಡೆಲ್‌ಬಾಮ್ ಎಂಬ ಮಾನವಶಾಸ್ತ್ರಜ್ಞ 1960ರಲ್ಲಿ ಒಂದು ಲೇಖನವನ್ನೇ ಬರೆದರು. ಅವನ ಹೆಸರು, ಅವನ ಸ್ವಭಾವ, ತನ್ನ ಜನರ ನಡುವೆ ಅವನು ತರಲು ಹೊರಟ ಸುಧಾರಣೆ ಎಲ್ಲ ಅದರಲ್ಲಿ ದಾಖಲಾಗಿದೆ. ದುಭಾಷಿಯ ಕಣ್ಣಿನಿಂದಲೇ ವಿದ್ವಾಂಸ ಒಂದು ಜನಾಂಗವನ್ನು ನೋಡುವುದಾದರೆ, ಆ ಕಣ್ಣು ಯಾರದು ಎಂದು ಓದುವವರಿಗೂ ತಿಳಿದಿರಬೇಕಲ್ಲವೆ?

ಇನ್ನೊಂದು ಉದಾಹರಣೆ ನಮ್ಮ ನೆಲದ್ದೇ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಹಾಡು, ಆಚಾರಗಳನ್ನು ಊರೂರು ತಿರುಗಿ ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಪುಸ್ತಕ ಮಾಡಿದರು. ಹಾಡು ಕೊಡವ ಭಾಷೆಯದು, ಲಿಪಿ ಕನ್ನಡದ್ದು, ವಿವರಣೆಯೂ ಕನ್ನಡದಲ್ಲಿ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಸಂಶೋಧನೆ ಮಾಡಿ ಮುಂಬಯಿಯಿಂದ 1944ರಲ್ಲಿ ಪಿಎಚ್.ಡಿ., ಆಕ್ಸ್‌ಫರ್ಡಿನಿಂದ 1947ರಲ್ಲಿ ಡಿ.ಫಿಲ್. ಪಡೆದರು. ಆ ಕೆಲಸ 1952ರಲ್ಲಿ ಪುಸ್ತಕವಾಗಿ ಜಗತ್ತಿನ ವಿದ್ಯಾರ್ಥಿಗಳೆಲ್ಲ ಓದುವಂಥದ್ದಾಯಿತು. ಸಂಸ್ಕೃತೀಕರಣ ಎಂಬ ಮಾತಿಗೆ ಬೇರು ಅದರಲ್ಲೇ. ಆ ಸಂಶೋಧನೆಗೆ ಶ್ರೀನಿವಾಸರು ಆಧರಿಸಿದ ಪುಸ್ತಕಗಳಲ್ಲಿ ಮುಖ್ಯವಾದುದು ಪಟ್ಟೋಲೆ ಪಳಮೆ. ಕೊಡವ ಅಜ್ಜಂದಿರ ಹಾಡಿಗೂ ಆಕ್ಸ್‌ಫರ್ಡಿನ ಗ್ರಂಥಕ್ಕೂ ನಡುವೆ ಕನ್ನಡದ ಒಂದು ಮೆಟ್ಟಿಲು ಹಾಕಿಟ್ಟವರು ಚಿಣ್ಣಪ್ಪ. 2003ರಲ್ಲಿ ಅದೇ ಪುಸ್ತಕ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳಿಂದ ಇಂಗ್ಲಿಷಿಗೆ ಬಂತು. ಅಜ್ಜ ಕನ್ನಡದ ದಡಕ್ಕೆ ತಂದದ್ದನ್ನು ಮೊಮ್ಮಕ್ಕಳು ಇಂಗ್ಲಿಷಿನ ದಡಕ್ಕೆ ಮುಟ್ಟಿಸಿದರು.

ಹೊರಗಿನ ಜಗತ್ತಿನಲ್ಲೂ ಇದೇ ಕಥೆ. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದಿಟ್ಟ. ಅದಕ್ಕೇ ಅವನ ಹೆಸರು ಉಳಿದಿದೆ. ಮೆಕ್ಸಿಕೋದಲ್ಲಿ 1519ರಲ್ಲಿ ಸ್ಪೇನಿನ ಕೊರ್ಟೆಸನಿಗೆ ಕಾಣಿಕೆಯಾಗಿ ಸಿಕ್ಕ ದಾಸಿಯರಲ್ಲಿ ಒಬ್ಬಳು ಮಲಿಂಟ್ಸಿನ್. ಅವಳಿಗೆ ಎರಡು ನಾಡಭಾಷೆ ಬರುತ್ತಿತ್ತು, ಸ್ಪ್ಯಾನಿಷನ್ನೂ ಕಲಿತಳು. ಅವಳ ನಾಲಿಗೆಯ ಮೂಲಕ ಒಂದು ಸಾಮ್ರಾಜ್ಯವೇ ಮಾತಾಡಿತು. ಮುಂದೆ ಅವಳ ಹೆಸರಿನಿಂದಲೇ ಅಲ್ಲಿನವರು ಒಂದು ಬೈಗುಳ ಮಾಡಿಕೊಂಡರು: ತನ್ನವರನ್ನು ಬಿಟ್ಟು ಪರದೇಶಿಯರ ಕಡೆ ಒಲಿಯುವವರಿಗೆ ಅಲ್ಲಿ ಅದನ್ನು ಅನ್ನುತ್ತಾರೆ. ಗೆದ್ದವನ ಹೆಸರು ವೀರರ ಸಾಲಿಗೆ ಸೇರಿತು. ಮಾರಾಟವಾಗಿ ಬಂದ ಹೆಣ್ಣುಮಗಳ ಹೆಸರು ಬೈಗುಳವಾಯಿತು.

ಈ ಕೆಲಸವನ್ನು ಒಂದು ವಿದ್ಯೆ ಎಂದು ಜಗತ್ತು ಗುರುತಿಸಿದ್ದು ತೀರ ಈಚೆಗೆ. 1945ರ ನವೆಂಬರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಾಜಿಗಳ ವಿಚಾರಣೆ ಶುರುವಾದಾಗ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕೂ ಭಾಷೆಗಳಲ್ಲಿ ಏಕಕಾಲಕ್ಕೆ ಅನುವಾದ ನಡೆಯಿತು. ಎಲ್ಲರ ಕಿವಿಗೂ ಹೆಡ್‌ಫೋನ್. ಮಾತಿನ ವೇಗ ಜಾಸ್ತಿಯಾದರೆ ಹಳದಿ ದೀಪ, ನಿಲ್ಲಿಸಬೇಕಾದರೆ ಕೆಂಪು ದೀಪ. ಕೇಳುತ್ತಲೇ ಅರ್ಥಮಾಡಿಕೊಂಡು, ಅರ್ಥಮಾಡಿಕೊಳ್ಳುತ್ತಲೇ ಬೇರೆ ಭಾಷೆಯಲ್ಲಿ ಹೇಳುವುದೆಂದರೆ ಒಲೆಯ ಮೇಲೆ ಹಾಲಿಟ್ಟುಕೊಂಡು, ಕಂಕುಳಲ್ಲಿ ಮಗು ಎತ್ತಿಕೊಂಡು, ಬಾಗಿಲಲ್ಲಿ ನಿಂತವರಿಗೆ ಉತ್ತರ ಹೇಳಿದ ಹಾಗೆ! ಹೆಚ್ಚು ಹೊತ್ತು ಮಾಡಿದರೆ ಮಿದುಳು ದಣಿಯುತ್ತದೆ. ಅದಕ್ಕೇ ಈ ವೃತ್ತಿಯಲ್ಲಿ ಅರ್ಧ ಗಂಟೆಯೊಳಗೆ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುತ್ತಾರೆ. ನಮ್ಮ ಲೋಕಸಭೆಯಲ್ಲಿ ಈ ವ್ಯವಸ್ಥೆ ಬಂದದ್ದು 1964ರಲ್ಲಿ. ಏಕಕಾಲದ ಅನುವಾದದ ಬಗ್ಗೆ ಮೊದಲ ಡಾಕ್ಟರೇಟ್ ಪಡೆದವಳೂ ಒಬ್ಬ ಹೆಂಗಸು: ವಿಯೆನ್ನಾದ ಇನ್‌ಗ್ರಿಡ್ ಕುರ್ಟ್ಸ್, 1969ರಲ್ಲಿ. ಅವ್ವನಿಗೆ ಇದನ್ನು ಹೇಳಿದಾಗ, "ಹಾಗಾದರೆ ಹೊಸತೇನಲ್ಲ" ಎಂದರು.

ಸಂಸತ್ತಿನಲ್ಲಿ ಕೆಲಸ ಮಾಡುವವರಿಗೆ ತರಬೇತಿಯಿದೆ, ಸಂಬಳವಿದೆ, ಗಾಜಿನ ಕೋಣೆಯಿದೆ. ನಮ್ಮ ಹುಡುಗಿ ಹುಡುಕಿಕೊಂಡು ಹೊರಟಿರುವುದು ಇದ್ಯಾವುದೂ ಇಲ್ಲದವರನ್ನು. ಅವಳಿಗೆ ಈ ಹುಚ್ಚು ಹಿಡಿದದ್ದು 2018ರ ಆಗಸ್ಟಿನಲ್ಲಿ.

ಆ ಮಳೆಗಾಲವನ್ನು ಕೊಡಗಿನವರು ಮರೆಯುವುದಿಲ್ಲ. ಬೆಟ್ಟಗಳೇ ಜಾರಿ ಬಂದವು, ತೋಟ, ಮನೆ, ರಸ್ತೆ ಎಲ್ಲವೂ ಮಣ್ಣಿನಡಿ ಹೋದವು. ನಾನು ಕೆಲಸ ಮಾಡುತ್ತಿದ್ದ ಕಡೆಯೂ ಪರಿಹಾರ ಶಿಬಿರ ನಡೆಯಿತು. ಆಗ ಡಿಗ್ರಿ ಓದುತ್ತಿದ್ದ ಇವಳೂ ನನ್ನ ಜೊತೆ ಬಟ್ಟೆ ಹಂಚಲು, ಗಂಜಿ ಬಡಿಸಲು ಬರುತ್ತಿದ್ದಳು. ಒಂದು ಮಧ್ಯಾಹ್ನ ಪಟ್ಟಿ ಬರೆಯಲು ಒಬ್ಬ ಅಧಿಕಾರಿ ಬಂದರು. ಬಯಲುಸೀಮೆಯವರು, ಸಜ್ಜನರು, ಮೂರು ದಿನದಿಂದ ನಿದ್ದೆ ಕಾಣದವರು. ಎದುರಿಗೆ ಲೈನ್ ಮನೆಯಲ್ಲಿದ್ದ ಒಬ್ಬಳು ತಮಿಳು ಮುದುಕಿ. ಇಬ್ಬರ ನಡುವೆ ನಿಂತವನು ತೋಟದ ಮೇಸ್ತ್ರಿ.

ಅಧಿಕಾರಿ ಕೇಳಿದರು, "ಅವರಿಗೆ ಏನೇನು ನಷ್ಟ ಆಗಿದೆ ಅಂತ ಕೇಳಪ್ಪ." ಮೇಸ್ತ್ರಿ ಮುದುಕಿಯ ಕಡೆ ತಿರುಗಿ ಏಕವಚನದಲ್ಲಿ, ತೋಟದಲ್ಲಿ ಆಳನ್ನು ಕೂಗುವ ದನಿಯಲ್ಲಿ ಕೇಳಿದ. ಮುದುಕಿ ಮಾತಾಡಿದಳು. ಐದು ನಿಮಿಷವಾದರೂ ಮಾತಾಡಿರಬೇಕು. ರಾತ್ರಿ ಸದ್ದು ಕೇಳಿದ್ದು, ಗೋಡೆ ಬಿರುಕು ಬಿಟ್ಟದ್ದು, ಎರಡು ಆಡನ್ನು ಬಿಚ್ಚಲು ಕೂಡ ಆಗದೆ ಓಡಿದ್ದು, ಪೆಟ್ಟಿಗೆಯಲ್ಲಿದ್ದ ಗಂಡನ ಫೋಟೋ, ಕೂಲಿಗೆಂದು ಬೇರೆ ತೋಟಕ್ಕೆ ಹೋದ ಮಗ ಮೂರು ದಿನದಿಂದ ಎಲ್ಲಿದ್ದಾನೋ ತಿಳಿಯದ್ದು. ಮೇಸ್ತ್ರಿ ಎಲ್ಲವನ್ನೂ ಕೇಳಿ ಅಧಿಕಾರಿಗೆ ಹೇಳಿದ: "ಮನೆ ಹೋಗಿದೆ ಸಾರ್. ರೇಷನ್ ಕಾರ್ಡೂ ಹೋಗಿದೆ." ಅವರು ಬರೆದುಕೊಂಡರು.

ತೋಟದ ಮಕ್ಕಳಿಗೆ ಪಾಠ ಹೇಳಿ ಹೇಳಿ ನನಗೆ ತಮಿಳು ತಕ್ಕಮಟ್ಟಿಗೆ ತಿಳಿಯುತ್ತದೆ. ನನಗಿಂತ ಮೊದಲೇ ಈ ಹುಡುಗಿ ಮುಂದೆ ಹೋಗಿ, "ಸಾರ್, ಅವರ ಮಗ ಮೂರು ದಿನದಿಂದ ಸಿಕ್ಕಿಲ್ಲ ಅಂತ ಹೇಳ್ತಿದ್ದಾರೆ" ಎಂದಳು. ಅಧಿಕಾರಿಯ ಪೆನ್ನು ನಿಂತಿತು. ಮಗನ ಹೆಸರು ಕೇಳಿ ಬರೆದುಕೊಂಡು ಬೇರೆ ಶಿಬಿರಗಳಿಗೆ ಫೋನ್ ಮಾಡಿಸಿದರು. ಮಾರನೆಯ ದಿನ ಇನ್ನೊಂದು ಶಿಬಿರದಲ್ಲಿ ಅವನು ಸಿಕ್ಕಿದ. ಸಂಜೆ ಅವಳು ಮೇಸ್ತ್ರಿಯನ್ನು ಕೇಳಿದಳು, "ಅಣ್ಣ, ಮಗನ ವಿಷಯ ಯಾಕೆ ಹೇಳಲಿಲ್ಲ ನೀವು?" ಅವನು ಕೆಟ್ಟವನಲ್ಲ, ಅವನ ಮನೆಯೂ ಹೋಗಿತ್ತು. "ಆ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ ಮಗಾ" ಎಂದ.

ಮೇಲಿನಿಂದ ಕೆಳಗೆ ಬರುವಾಗ ಮರ್ಯಾದೆ ಸೋರಿಹೋಯಿತು. ಕೆಳಗಿನಿಂದ ಮೇಲೆ ಹೋಗುವಾಗ ಮಗನೇ ಸೋರಿಹೋದ. ಅಧಿಕಾರಿಯ "ಅವರಿಗೆ" ಎಂಬ ಮಾತು ಮುದುಕಿಯ ಕಿವಿ ಮುಟ್ಟಲೇ ಇಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಆದ್ದರಿಂದಲೇ ಇದು ಕೂತು ಅಭ್ಯಾಸ ಮಾಡಬೇಕಾದ ವಿಷಯ.

ನ್ಯಾಯಾಲಯದಲ್ಲಿ ಇದಕ್ಕೊಂದು ಕಟ್ಟುಪಾಡಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಬಂದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅಲ್ಲೇ ವಿವರಿಸಬೇಕು. ದುಭಾಷಿ ಇದ್ದದ್ದನ್ನು ಇದ್ದ ಹಾಗೆ ಹೇಳಲು ಬದ್ಧ. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇದೆ. 1969ರ ಪ್ರಮಾಣಗಳ ಕಾಯಿದೆಯ ಪ್ರಕಾರ ಸಾಕ್ಷಿಯಂತೆ ದುಭಾಷಿಯೂ ಪ್ರಮಾಣ ಮಾಡಬೇಕು. ಆದರೆ ಆಸ್ಪತ್ರೆಯಲ್ಲಿ? ಅಲ್ಲಿ ಆ ಕೆಲಸ 'ಸ್ವಲ್ಪ ಬನ್ನಿ ಅಕ್ಕಾ' ಎಂದು ಕರೆದ ಕೂಡಲೇ ಎದ್ದು ಹೋಗುವ ಪಕ್ಕದ ಹಾಸಿಗೆಯವಳದು, ಇಲ್ಲವೇ ನೆಲ ಒರೆಸುವ ಆಯಾಳದು. ಎಷ್ಟೋ ಸಲ ಒಂಬತ್ತು ವರ್ಷದ ಮಗು ತನ್ನ ತಾಯಿಯ ಹೊಟ್ಟೆನೋವನ್ನು, ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಹೇಳಬೇಕಾಗುತ್ತದೆ. ಮಗುವಿಗೆ ಹೇಳಲು ನಾಚಿಕೆ, ತಾಯಿಗೆ ಹೇಳಿಸಲು ನಾಚಿಕೆ. ಆ ನಾಚಿಕೆಯಲ್ಲಿ ರೋಗ ಹಿಂದೆ ಉಳಿಯುತ್ತದೆ. ನಗರದಲ್ಲಿರುವ ಓದುಗರೂ ಒಮ್ಮೆ ನೆನಪಿಸಿಕೊಳ್ಳಿ. ಮನೆಕೆಲಸದವಳ ಮಾತನ್ನು ಬ್ಯಾಂಕಿನ ಗುಮಾಸ್ತನಿಗೆ, ಹಳ್ಳಿಯಿಂದ ಬಂದ ಅತ್ತೆಯ ಮಾತನ್ನು ಇಂಗ್ಲಿಷ್ ಶಾಲೆಯ ಮೊಮ್ಮಗುವಿಗೆ ಮುಟ್ಟಿಸುವವರು ನೀವೇ. ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬಂದಿದೆ. ಬಹುಶಃ ಅದಕ್ಕೇ ಇದಕ್ಕೆ ಕೂಲಿಯೂ ಇಲ್ಲ, ಹೆಸರೂ ಇಲ್ಲ.

ನಡುವೆ ನಿಂತವರಿಗೆ ಹೆಸರೂ ಜಾಗವೂ ಕೊಟ್ಟರೆ ಹೇಗಿರುತ್ತದೆ ಎಂಬುದನ್ನು ನಮ್ಮ ಕೊಡವ ನೆರೆಯವರ ಮದುವೆಯಲ್ಲಿ ಕಾಣಬಹುದು. ಪ್ರತಿ ಒಕ್ಕಕ್ಕೂ ಒಬ್ಬ ಅರುವ ಇರುತ್ತಾನೆ. ಒಕ್ಕದ ಪರವಾಗಿ ಮಾತಾಡುವವನು, ಸಾಕ್ಷಿ ನಿಲ್ಲುವವನು ಅವನು. ಸಮ್ಮಂಧ ಎಂಬ ಶಾಸ್ತ್ರದಲ್ಲಿ ಗಂಡಿನ ಕಡೆಯ ಅರುವನೂ ಹೆಣ್ಣಿನ ಕಡೆಯ ಅರುವನೂ ಎದುರೆದುರು ನಿಂತು ಪ್ರಶ್ನೋತ್ತರ ನಡೆಸುತ್ತಾರೆ. ಹನ್ನೊಂದು ಹರಳುಗಳು ಕೈಯಿಂದ ಕೈಗೆ ದಾಟುತ್ತವೆ. ಹೆಣ್ಣಿಗೆ ಗಂಡನ ಒಕ್ಕದಲ್ಲಿ ಹಕ್ಕು ಸಿಕ್ಕಿತೆಂದು ಆ ಹರಳುಗಳ ಅರ್ಥ. ಹನ್ನೆರಡನೆಯದನ್ನು ಕೊಡದೆ ಉಳಿಸಿಕೊಳ್ಳುವುದು ತವರಿನ ನಂಟು ಪೂರ್ತಿ ಕಡಿಯಬಾರದೆಂದು. ನಾಳೆ ಆ ಹೆಣ್ಣಿಗೆ ಅನ್ಯಾಯವಾದರೆ, ಏನು ಮಾತಾಗಿತ್ತು ಎಂದು ಅರುವನನ್ನು ಕೇಳಬಹುದು. ಅವನು ಹೇಳಿದ ಮಾತಿಗೆ ಅವನೇ ಜವಾಬ್ದಾರ.

ಈಗ ಪದವಿಯ ವಿಷಯ. ಈ ದಾರಿಗೆ ಬರಲು ಮನಸ್ಸಿರುವ ಹೆಣ್ಣುಮಕ್ಕಳಿಗಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಹೆಂಗಸರಿಗೆ ಇನ್ನೂ 2 ವರ್ಷದ ರಿಯಾಯಿತಿ ಉಂಟು, 240 ದಿನಗಳವರೆಗೆ ಹೆರಿಗೆ ಮತ್ತು ಮಕ್ಕಳ ಪಾಲನೆಯ ರಜೆಯೂ ಉಂಟು. ಕೆಲಸದಲ್ಲಿದ್ದುಕೊಂಡು ಅರೆಕಾಲಿಕವಾಗಿ ಮಾಡಲೂ ಅವಕಾಶವಿದೆ. ಭಾಷೆಗಳ ಅಧ್ಯಯನಕ್ಕೆಂದೇ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ನಮ್ಮ ಪಕ್ಕದ ಮೈಸೂರಿನಲ್ಲೇ ಇದೆ. ಯರವರ ಮಾತಿನ ಬಗ್ಗೆ ಬಿ. ಮಲ್ಲಿಕಾರ್ಜುನ ಅವರು ಬರೆದ ವಿವರಣಾತ್ಮಕ ಗ್ರಂಥವನ್ನು 1993ರಲ್ಲಿ ಪ್ರಕಟಿಸಿದ್ದು ಅದೇ ಸಂಸ್ಥೆ. 1994ರಿಂದ ಕೊಡವ ಸಾಹಿತ್ಯ ಅಕಾಡೆಮಿ, 2011ರಿಂದ ಅರೆಭಾಷೆ ಅಕಾಡೆಮಿ ಕೆಲಸ ಮಾಡುತ್ತಿವೆ. ಬಾಗಿಲುಗಳು ಇವೆ, ತಟ್ಟುವವರು ಬೇಕು.

ತುರ್ತೂ ಇದೆ. 2001ರ ಜನಗಣತಿಯಲ್ಲಿ ಕೊಡವ ಭಾಷೆ ಆಡುವವರು 1,66,187 ಎಂದು ಲೆಕ್ಕ ಸಿಕ್ಕಿತ್ತು. 2011ರಲ್ಲಿ ಅದು 1,13,857ಕ್ಕೆ ಇಳಿಯಿತು. ಸಣ್ಣ ಭಾಷೆಯವರೇ ಯಾವಾಗಲೂ ದೊಡ್ಡ ಭಾಷೆ ಕಲಿಯಬೇಕು, ನಡುವೆ ನಿಲ್ಲಬೇಕು, ತಮ್ಮ ಮಾತನ್ನು ಬೇರೆಯವರ ಮಾತಿಗೆ ಹೊಂದಿಸಬೇಕು. ಹಾಗೆ ಹೊಂದಿಸಿ ಹೊಂದಿಸಿ ಒಂದು ದಿನ ಸ್ವಂತ ಮಾತೇ ಮರೆತುಹೋಗುತ್ತದೆ. ಯರವರ, ಕುರುಬರ ಮಕ್ಕಳಲ್ಲಿ ಇದನ್ನು ನಾನು ತರಗತಿಯಲ್ಲೇ ನೋಡುತ್ತಿದ್ದೇನೆ. ಅವರ ಮಾತು ಬಲ್ಲ, ಕನ್ನಡವನ್ನೂ ಬಲ್ಲ, ಎರಡನ್ನೂ ಗೌರವಿಸುವ ಒಬ್ಬಳು ಆಸ್ಪತ್ರೆಯಲ್ಲಿ ಕೂತರೆ ಒಂದು ಹಾಡಿಯ ಹೆಂಗಸರೆಲ್ಲ ಬಾಯಿಬಿಟ್ಟು ಮಾತಾಡುತ್ತಾರೆ.

"ದೊಡ್ಡಮ್ಮ, ನೀವು ಒಂದು ಸಲಹೆ ಕೊಡಿ" ಎಂದು ಹುಡುಗಿ ಕೇಳಿದಾಗ ನಾನು ಹೇಳಿದ್ದು ಎರಡೇ. ಮೊದಲನೆಯದು, ನೀನು ಮಾತಾಡಿಸುವ ಪ್ರತಿಯೊಬ್ಬ ದುಭಾಷಿಯನ್ನೂ ಅವರ ಹೆಸರು ಹಾಕಬಹುದೇ ಎಂದು ಕೇಳು. ಬೇಡವೆಂದರೆ ಬಿಡು. ಹಾಕಿ ಎಂದರೆ ಅಡಿಟಿಪ್ಪಣಿಗೆ ತಳ್ಳದೆ ಮೈಬರಹದಲ್ಲೇ ಹಾಕು. ಎರಡನೆಯದು, ಮುಗಿದ ಮೇಲೆ ನಿನ್ನ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು ಆ ಮೇಸ್ತ್ರಿಯಂಥವರಿಗೆ ಓದಿ ಹೇಳು. ತಪ್ಪು ತೋರಿಸಬಲ್ಲವರು ಅವರೇ.

ನನ್ನ ಪಾಲಿನ ಕೆಲಸ ಚಿಕ್ಕದು. ಜೂನ್ ತಿಂಗಳು ಬಂದರೆ ಶಾಲೆಯ ದಾಖಲಾತಿ. ಪುಸ್ತಕದಲ್ಲಿ 'ಮಾತೃಭಾಷೆ' ಎಂದು ಒಂದು ಕಾಲಂ ಇದೆ. ಸರದಿ ಉದ್ದವಿದ್ದಾಗ ಎಲ್ಲರಿಗೂ ಕನ್ನಡ ಎಂದು ಬರೆದುಬಿಡುವುದು ಯಾರಿಗೂ ಸುಲಭ. ನಾನು ಕೂತ ಮೇಜಿನಲ್ಲಿ ತಾಯಿಯನ್ನು ಕೇಳುತ್ತೇನೆ, "ಮನೆಯಲ್ಲಿ ಯಾವ ಮಾತು ಆಡ್ತೀರಮ್ಮ?" ಅವಳು ಮೊದಲು ಸಂಕೋಚದಿಂದ ಕನ್ನಡ ಎನ್ನುತ್ತಾಳೆ. ಇನ್ನೊಮ್ಮೆ ಕೇಳಿದರೆ ನಗುತ್ತಾಳೆ, ಆಮೇಲೆ ನಿಜ ಹೇಳುತ್ತಾಳೆ. ಆ ಕಾಲಂ ಅಂತೂ ಇದೆಯಲ್ಲ, ಅದರಲ್ಲಿ ಅವಳು ಹೇಳಿದ್ದನ್ನೇ ಬರೆಯುತ್ತೇನೆ.